ಆಟ ನೋಡಲು ಹೋಗಿ ಮರಳದ ಹದಿನಾರು ಮಂದಿ

ಪಾಣಿಪತ್, ಪ್ಲಾಸಿ, ಶ್ರೀರಂಗಪಟ್ಟಣ... ಯುದ್ಧ ನಡೆದ ಬಯಲುಗಳ ಹೆಸರುಗಳನ್ನು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಕನ್ನಡ ಶಾಲೆಯಲ್ಲಿ ಓದಿದವರಿಗೂ ಉರ್ದು ಶಾಲೆಯಲ್ಲಿ ಓದಿದವರಿಗೂ ಈ ಪಾಠ ಒಂದೇ. ಆದರೆ ಜನ ವಾರವಾರವೂ ಸೇರಿ, ಕೂಗಾಡಿ, ನಕ್ಕು, ಅತ್ತು ಮನೆಗೆ ಮರಳುತ್ತಿದ್ದ ಆಟದ ಬಯಲುಗಳಿಗೆ ಚರಿತ್ರೆಯ ಪುಸ್ತಕದಲ್ಲಿ ಜಾಗವಿಲ್ಲ. ಅಲ್ಲಿ ಗೆದ್ದವರ ಹೆಸರು ಒಂದು ಕಪ್ಪಿನ ಮೇಲೆ ಉಳಿಯುತ್ತದೆ. ನೋಡಲು ಹೋದವರ ಹೆಸರು ಅವರ ಮನೆಯವರ ಹಾಗೂ ಗೆಳೆಯರ ಎದೆಯಲ್ಲಷ್ಟೇ ಉಳಿಯುತ್ತದೆ. ಅಂಥ ಒಂದು ದಿನದ ನೆನಪನ್ನು ಕೋಲ್ಕತಾದ ಫುಟ್‌ಬಾಲ್ ಅಭಿಮಾನಿಗಳು ನಾಲ್ಕು ದಶಕಗಳಿಗೂ ಮಿಕ್ಕಿ ಕಾಪಾಡಿಕೊಂಡು ಬಂದಿದ್ದಾರೆ. ಆ ದಿನ 1980ರ ಆಗಸ್ಟ್ 16. ಅಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಲೀಗ್ ಪಂದ್ಯ ನೋಡಲು ಹೋದವರಲ್ಲಿ 16 ಮಂದಿ ಮನೆಗೆ ಮರಳಲಿಲ್ಲ.

ಈ ಕಥೆ ಅರ್ಥವಾಗಬೇಕಾದರೆ ಕೋಲ್ಕತಾದ ಮೈದಾನವನ್ನು ಮೊದಲು ಅರಿಯಬೇಕು. ಊರಿನ ನಡುವೆ ಹರಡಿಕೊಂಡಿರುವ ಆ ವಿಶಾಲ ಹುಲ್ಲುಬಯಲಿನಲ್ಲಿ ಮೂರು ದೊಡ್ಡ ಕ್ಲಬ್ಬುಗಳ ಬೀಡುಗಳಿವೆ. ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ. 1911ರ ಜುಲೈ 29ರಂದು ಅದರ ಆಟಗಾರರು, ಹೆಚ್ಚಿನವರು ಬರಿಗಾಲಲ್ಲೇ ಆಡಿ, ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದರು. ಆಳುವವರನ್ನು ಅವರದೇ ಆಟದಲ್ಲಿ ಮಣಿಸಬಹುದೆಂದು ಇಡೀ ದೇಶ ಅಂದು ತಿಳಿಯಿತು. ಮೊಹಮ್ಮಡನ್ ಸ್ಪೋರ್ಟಿಂಗ್ 1891ರದು. ಅದು 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದಿತು. ಆ ಲೀಗನ್ನು ಗೆದ್ದ ಮೊದಲ ಭಾರತೀಯ ತಂಡವೂ ಅದೇ. ಈಸ್ಟ್ ಬೆಂಗಾಲ್ ಕ್ಲಬ್ 1920ರ ಆಗಸ್ಟ್ 1ರಂದು ಜನ್ಮ ತಾಳಿತು. ಹೆಸರೇ ಹೇಳುವಂತೆ ಅದು ಬಂಗಾಳದ ಪೂರ್ವ ಭಾಗದಿಂದ ಬಂದವರ ಅಭಿಮಾನದ ಕೂಸು.

ಈ ಮೈದಾನಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟಿದೆ. ಮುಂಬಯಿಯ ಪ್ರತಿಷ್ಠಿತ ರೋವರ್ಸ್ ಕಪ್ಪನ್ನು 1937ರಲ್ಲಿ ಮೊತ್ತಮೊದಲು ಗೆದ್ದ ಭಾರತೀಯ ತಂಡ 'ಬೆಂಗಳೂರು ಮುಸ್ಲಿಮ್ಸ್'. ಫೈನಲಿನಲ್ಲಿ ಅದು ಸೋಲಿಸಿದ್ದು ಕೋಲ್ಕತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನೇ. ಮರುವರ್ಷ ಬ್ರಿಟಿಷ್ ಸೈನಿಕರ ತಂಡವನ್ನು ಮಣಿಸಿ ಕಪ್ಪನ್ನು ಉಳಿಸಿಕೊಂಡಿತು. 1948ರಲ್ಲಿ ಮೋಹನ್ ಬಾಗಾನನ್ನು ಸೋಲಿಸಿ ಮತ್ತೊಮ್ಮೆ ಗೆದ್ದಿತು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆ ತಂಡದಲ್ಲಿ ಬರಿಗಾಲಲ್ಲಿ ಚೆಂಡನ್ನು ಕುಣಿಸಿ ಲಂಡನ್ನಿನವರನ್ನು ಬೆರಗಾಗಿಸಿದ ಅಹ್ಮದ್ ಖಾನ್ ಕೂಡಾ ಬೆಂಗಳೂರಿನ ಹುಡುಗ.

ಈ ಅಹ್ಮದ್ ಖಾನ್ ಮುಂದೆ ಹೋಗಿ ಸೇರಿದ್ದು ಈಸ್ಟ್ ಬೆಂಗಾಲ್ ಕ್ಲಬ್ಬಿಗೆ. ದೇಶ ವಿಭಜನೆಯಾಗಿ ಇನ್ನೂ ಎರಡು ವರ್ಷ ಆಗಿತ್ತಷ್ಟೆ. ಪೂರ್ವ ಬಂಗಾಳದಲ್ಲಿ ಮನೆ, ಹೊಲ, ಕೆರೆ ಎಲ್ಲವನ್ನೂ ಬಿಟ್ಟು ಬಂದ ಲಕ್ಷಾಂತರ ಹಿಂದೂ ನಿರಾಶ್ರಿತರು ಕೋಲ್ಕತಾದ ಸುತ್ತಮುತ್ತಲ ಕಾಲನಿಗಳಲ್ಲಿ ಬದುಕು ಕಟ್ಟಿಕೊಳ್ಳುತ್ತಿದ್ದ ಕಾಲವದು. ಕಳೆದುಕೊಂಡ ಊರಿನ ಹೆಸರು ಅವರಿಗೆ ಉಳಿದದ್ದು ಈ ಕ್ಲಬ್ಬಿನ ಹೆಸರಿನಲ್ಲಿ. ಆ ಕ್ಲಬ್ಬಿನ ಮುಂಚೂಣಿಯ ಐವರನ್ನು ಅಭಿಮಾನಿಗಳು 'ಪಂಚಪಾಂಡವರು' ಎಂದು ಕರೆದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರಲ್ಲಿ ಒಬ್ಬನೂ ಬಂಗಾಳಿಯಲ್ಲ, ಇಬ್ಬರು ಮುಸ್ಲಿಮರು. ಧರ್ಮದ ಹೆಸರಿನಲ್ಲಿ ಮನೆ ಕಳೆದುಕೊಂಡು ಬಂದ ಜನ ಬೆಂಗಳೂರಿನ ಒಬ್ಬ ಖಾನನನ್ನು ಪಾಂಡವನೆಂದು ಎದೆಗೊತ್ತಿಕೊಂಡರು. ವಿಭಜನೆಯ ಬಗ್ಗೆ ಇಷ್ಟೆಲ್ಲ ಬರೆದಿರುವ ನಾವು ಈ ಒಂದು ಸಂಗತಿಯನ್ನು ಏಕೆ ಮಕ್ಕಳಿಗೆ ಹೇಳಿಕೊಡುವುದಿಲ್ಲ?

ಎಪ್ಪತ್ತರ ದಶಕದ ಹೊತ್ತಿಗೆ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಪೈಪೋಟಿ ಊರನ್ನೇ ಎರಡು ಮಾಡಿತ್ತು. ಮೂಲನಿವಾಸಿ 'ಘಟಿ'ಗಳು ಹಸಿರು ಮತ್ತು ಕಂದುಗೆಂಪು ಬಾವುಟದ ಕಡೆ, ಪೂರ್ವದಿಂದ ಬಂದ 'ಬಾಂಗಾಲ್'ರು ಕೆಂಪು ಮತ್ತು ಹೊನ್ನಿನ ಬಣ್ಣದ ಕಡೆ. ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನಿನ ಊಟ, ಮೋಹನ್ ಬಾಗಾನ್ ಗೆದ್ದರೆ ಸಿಗಡಿ. ಇದೆಲ್ಲ ತಮಾಷೆಯಾಗಿಯೇ ಇತ್ತು. ಆದರೆ ತಮಾಷೆಯ ಅಡಿಯಲ್ಲಿ ಕೆಂಡವೂ ಇತ್ತು. 1975ರ ಐಎಫ್‌ಎ ಶೀಲ್ಡ್ ಫೈನಲಿನಲ್ಲಿ ಈಸ್ಟ್ ಬೆಂಗಾಲ್ 5-0ರಿಂದ ಗೆದ್ದಾಗ ಆ ಸೋಲನ್ನು ತಾಳಲಾರದೆ ಮೋಹನ್ ಬಾಗಾನಿನ ಯುವ ಅಭಿಮಾನಿಯೊಬ್ಬ ಪ್ರಾಣವನ್ನೇ ಕಳೆದುಕೊಂಡ. ಆಟ ಆಟವಾಗಿ ಉಳಿದಿಲ್ಲ ಎಂಬ ಎಚ್ಚರಿಕೆಯ ಗಂಟೆ ಅದಾಗಿತ್ತು. ಕೇಳಿಸಿಕೊಂಡವರು ಕಡಿಮೆ.

1980ರ ಋತುವಿನಲ್ಲಿ ಈಸ್ಟ್ ಬೆಂಗಾಲ್‌ಗೆ ಹೊಸ ಕಳೆ ಬಂದಿತ್ತು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಲು ಬಂದಿದ್ದ ಇರಾನಿನ ಹುಡುಗರು, ಮಜೀದ್ ಬಿಷ್ಕರ್ ಮತ್ತು ಜಮ್ಶೀದ್ ನಸ್ಸಿರಿ, ಆ ವರ್ಷ ಕ್ಲಬ್ಬನ್ನು ಸೇರಿದ್ದರು. ಸಾಲ್ಟ್ ಲೇಕ್‌ನ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣ ತೆರೆಯಲು ಇನ್ನೂ ನಾಲ್ಕು ವರ್ಷ ಬೇಕಿತ್ತು. ಹೀಗಾಗಿ ಬಹುಜನ ಸೇರುವ ಈ ಪಂದ್ಯ ಕ್ರಿಕೆಟ್ಟಿನ ಅಂಗಳವಾದ ಈಡನ್ನಿನಲ್ಲೇ ನಡೆಯಬೇಕಾಯಿತು. ಅಲ್ಲಿ ಎರಡೂ ತಂಡದ ಅಭಿಮಾನಿಗಳು ಬೇರೆಬೇರೆಯಾಗಿ ಕೂರುವ ವ್ಯವಸ್ಥೆ ಇರಲಿಲ್ಲ. ಒಂದೇ ಗ್ಯಾಲರಿಯಲ್ಲಿ ಅಕ್ಕಪಕ್ಕವೇ ಕುಳಿತಿದ್ದರು.

ದ್ವಿತೀಯಾರ್ಧದಲ್ಲಿ ಈಸ್ಟ್ ಬೆಂಗಾಲಿನ ದಿಲೀಪ್ ಪಾಲಿತ್ ಮತ್ತು ಮೋಹನ್ ಬಾಗಾನಿನ ಬಿದೇಶ್ ಬೋಸ್ ನಡುವೆ ಘರ್ಷಣೆಯಾಯಿತು. ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಮೈದಾನದ ಕಿಡಿ ಗ್ಯಾಲರಿಗೆ ಹಾರಿತು. ರಣಜಿ ಸ್ಟ್ಯಾಂಡ್‌ನಲ್ಲಿ ಹೊಡೆದಾಟ ಆರಂಭವಾಗಿ ಇಟ್ಟಿಗೆ, ಕಲ್ಲುಗಳು ತೂರಿಬಂದವು. ಜೀವ ಉಳಿಸಿಕೊಳ್ಳಲು ಜನ ಒಂದೇ ಸಲಕ್ಕೆ ಮೆಟ್ಟಿಲುಗಳತ್ತ ನುಗ್ಗಿದರು. ಕೆಲವರು ಮೇಲಿಂದ ಕೆಳಕ್ಕೆ ಹಾರಿದರು. ಬಿದ್ದವರ ಮೇಲೆ ಜನ, ಅವರ ಮೇಲೆ ಮತ್ತೆ ಜನ. ಸತ್ತವರು 16 ಮಂದಿ, ಗಾಯಗೊಂಡವರು ಅದೆಷ್ಟೋ. ಅವರಲ್ಲಿ ಹೆಚ್ಚಿನವರು ಎಳೆಯ ಪ್ರಾಯದವರು. ಅವರು ಎರಡೂ ತಂಡಗಳ ಕಡೆಯವರಾಗಿದ್ದರು. ಶವಾಗಾರದಲ್ಲಿ ಸಾಲಾಗಿ ಮಲಗಿಸಿದಾಗ ಇವನು ಯಾವ ಬಾವುಟದವನು ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಇಲ್ಲಿ ಭಾಷೆಯ ಒಂದು ಮಾತು. ಕನ್ನಡದಲ್ಲಿ 'ಬಂಧು' ಎಂದರೆ ನೆಂಟ, ರಕ್ತ ಸಂಬಂಧಿ. ಬಂಗಾಳಿಯಲ್ಲಿ 'ಬಂಧು' ಎಂದರೆ ಗೆಳೆಯ, ನಮ್ಮ ಉರ್ದುವಿನ ದೋಸ್ತ್. ಮೈದಾನದ ಅಭಿಮಾನಿ ಒಂಟಿಯಾಗಿ ಆಟ ನೋಡಲು ಹೋಗುವುದಿಲ್ಲ. ಬೀದಿಯ ಗೆಳೆಯನೊಡನೆ, ಕಾಲೇಜಿನ ಗೆಳೆಯನೊಡನೆ, ಕೆಲಸದ ಜಾಗದ ಗೆಳೆಯನೊಡನೆ ಹೋಗುತ್ತಾನೆ. ಎಷ್ಟೋ ಜೋಡಿಗಳಲ್ಲಿ ಒಬ್ಬ ಇತ್ತ, ಇನ್ನೊಬ್ಬ ಅತ್ತ. ದಾರಿಯುದ್ದಕ್ಕೂ ಛೇಡಿಸಿಕೊಂಡು ಹೋಗಿ, ಸೋತವನಿಂದ ಚಹಾ ಕುಡಿಸಿಕೊಂಡು ಬರುವುದೇ ಅವರ ಹಬ್ಬ. ಗೆಳೆಯನನ್ನು ಕಳೆದುಕೊಂಡ ಅಭಿಮಾನಿಯ ಸಂಕಟ ವಿಚಿತ್ರವಾದುದು. ಅವನ ಪಾಲಿಗೆ ಎದುರಾಳಿಯೇ ಇಲ್ಲವಾಗುತ್ತಾನೆ. ಗೆದ್ದರೆ ಯಾರನ್ನು ಛೇಡಿಸುವುದು? ಸೋತರೆ ಯಾರಿಂದ ಛೇಡಿಸಿಕೊಳ್ಳುವುದು? ರಕ್ತ ಸಂಬಂಧಿಗೆ ಸಮಾಜ ಶೋಕದ ದಿನಗಳನ್ನು ಗೊತ್ತುಮಾಡಿದೆ, ಗೆಳೆಯನಿಗೆ ಅದೂ ಇಲ್ಲ. ಅವನು ತನ್ನ ಶೋಕಕ್ಕೆ ತಾನೇ ದಾರಿ ಹುಡುಕಬೇಕು.

ಆ ದಾರಿಗಳಲ್ಲಿ ಒಂದು ಹಾಡಾಗಿ ಬಂತು. ದುರಂತದ ಬಳಿಕ ಮನ್ನಾ ಡೇ ಹಾಡಿದ ಬಂಗಾಳಿ ಗೀತೆಯೊಂದರ ವಸ್ತು, ಆಟ ನೋಡಲು ಹೋಗಿ ಮನೆಗೆ ಬಾರದ ಮಗ. ಅದರಲ್ಲಿ ಯಾವ ತಂಡದ ಪಕ್ಷವೂ ಇಲ್ಲ, ಕಾಯುವ ಮನೆಯಿದೆ ಅಷ್ಟೆ. ಆ ಮನ್ನಾ ಡೇ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 2013ರ ಅಕ್ಟೋಬರ್ 24ರಂದು ಕಣ್ಣು ಮುಚ್ಚಿದ್ದೂ ಇಲ್ಲಿಯೇ. ನಮ್ಮ ಕನ್ನಡ ಚಿತ್ರಗಳಿಗೂ ಹಾಡಿದ ಆ ಕಂಠದಲ್ಲಿ ಕೋಲ್ಕತಾದ ಹದಿನಾರು ಮನೆಗಳ ಅಳಲೂ ಇತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಇನ್ನೊಂದು ದಾರಿ ರಕ್ತದಾನ. ಆಗಸ್ಟ್ 16 ಅಲ್ಲಿ 'ಫುಟ್‌ಬಾಲ್ ಪ್ರೇಮಿಗಳ ದಿನ'. ಆ ದಿನ ರಕ್ತದಾನ ಶಿಬಿರಗಳು ನಡೆಯುತ್ತವೆ. ಈ ಆಚರಣೆಯ ತೂಕ ತಿಳಿಯಬೇಕಾದರೆ ಅದೇ ತಾರೀಖಿನ ಇನ್ನೊಂದು ನೆನಪನ್ನೂ ಎದುರಿಸಬೇಕು. 1946ರ ಆಗಸ್ಟ್ 16ರಂದು ಮುಸ್ಲಿಂ ಲೀಗ್ 'ನೇರ ಕಾರ್ಯಾಚರಣೆ'ಗೆ ಕರೆ ಕೊಟ್ಟಿತ್ತು. ಅದರ ಸಭೆ ಸೇರಿದ್ದು ಇದೇ ಮೈದಾನದಲ್ಲಿ, ಇಂದು ಶಹೀದ್ ಮಿನಾರ್ ಎನ್ನುವ ಸ್ತಂಭದ ಬಳಿ. ಈಡನ್ ಗಾರ್ಡನ್ಸ್ ಅಲ್ಲಿಂದ ನಡೆದು ಹೋಗುವಷ್ಟೇ ದೂರ. ಅಂದಿನಿಂದ ಕೆಲವು ದಿನ ಕೋಲ್ಕತಾದ ಬೀದಿಗಳಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಅದನ್ನು ನೆನೆಯುವಾಗ ನಮ್ಮವರು ಎಷ್ಟು, ಅವರವರು ಎಷ್ಟು ಎಂದು ಎಣಿಸುವ ಚಟ ಎರಡೂ ಕಡೆ ಇಂದಿಗೂ ಬಿಟ್ಟಿಲ್ಲ. ಅದೇ ತಾರೀಖಿನಂದು, ಅದೇ ಬಯಲಿನ ಅಂಚಿನಲ್ಲಿ ಸತ್ತವರಿಗಾಗಿ ಫುಟ್‌ಬಾಲ್ ಅಭಿಮಾನಿಗಳು ಮಾಡಿದ್ದೇನು? ಎಣಿಸಲಿಲ್ಲ; ತೋಳು ಚಾಚಿ ರಕ್ತ ಕೊಟ್ಟರು. ಆ ರಕ್ತ ಯಾರ ದೇಹ ಸೇರುತ್ತದೆಂದು ಕೊಟ್ಟವನಿಗೆ ತಿಳಿಯದು. ಅದು ಎದುರಾಳಿ ತಂಡದವನ ಮೈಯಲ್ಲೂ ಹರಿಯಬಹುದು, ಬೇರೆ ಧರ್ಮದವನ ಮೈಯಲ್ಲೂ ಹರಿಯಬಹುದು.

ನೆನಪಿಗೆ ವಾರಸುದಾರರು ಬಹಳ. 2021ರಲ್ಲಿ ಪಶ್ಚಿಮ ಬಂಗಾಳದ ಸರಕಾರ ಆಗಸ್ಟ್ 16ನ್ನು 'ಖೇಲಾ ಹೋಬೆ ದಿವಸ'ವಾಗಿ ಆಚರಿಸತೊಡಗಿತು. ಆ ಹೆಸರು ಚುನಾವಣೆಯ ಘೋಷಣೆಯಿಂದ ಬಂದದ್ದು. ವಿರೋಧಿಗಳು 1946ನ್ನು ಎತ್ತಿ ಜಗಳಕ್ಕೆ ನಿಂತರು. ಈ ಗದ್ದಲದಲ್ಲಿ 1980ರ ಹದಿನಾರು ಮಂದಿ ಇಬ್ಬರ ಮಾತಿನ ನಡುವೆ ಸಿಕ್ಕಿಕೊಂಡರು. ಆದರೆ ಅಭಿಮಾನಿಗಳು ತಮ್ಮ ಪಾಠ ಮರೆತಿರಲಿಲ್ಲವೆಂಬುದಕ್ಕೆ 2024ರ ಆಗಸ್ಟ್ 18 ಸಾಕ್ಷಿ. ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯೊಬ್ಬರ ಕೊಲೆಯಾಗಿ ನಗರ ಕುದಿಯುತ್ತಿದ್ದ ದಿನಗಳವು. ಭದ್ರತೆಯ ಕಾರಣ ಹೇಳಿ ಅಂದಿನ ಡ್ಯುರಾಂಡ್ ಕಪ್ ಪಂದ್ಯವನ್ನು ರದ್ದುಗೊಳಿಸಲಾಯಿತು. ಪಂದ್ಯವಿಲ್ಲದಿದ್ದರೂ ಅಭಿಮಾನಿಗಳು ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಸೇರಿದರು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಮೂರೂ ಕಡೆಯವರು ಒಂದೇ ದನಿಯಲ್ಲಿ ಆ ಹೆಣ್ಣುಮಗಳಿಗೆ ನ್ಯಾಯ ಕೇಳಿದರು. ಪೊಲೀಸರ ಲಾಠಿ ಬೀಸಿದಾಗಲೂ ಅದು ಬಾವುಟದ ಬಣ್ಣ ನೋಡಲಿಲ್ಲ. ಒಂದು ತಂಡದವನು ಇನ್ನೊಂದು ತಂಡದವನನ್ನು ಹೆಗಲ ಮೇಲೆ ಹೊತ್ತ ಚಿತ್ರವನ್ನು ದೇಶವೇ ನೋಡಿತು. 1980ರಲ್ಲಿ ಮೆಟ್ಟಿಲ ಮೇಲೆ ಕೈಜಾರಿ ಹೋದ ಗೆಳೆಯನನ್ನು ಆ ಊರು ನಲವತ್ತನಾಲ್ಕು ವರ್ಷಗಳ ಬಳಿಕ ಹೆಗಲಿಗೆ ಏರಿಸಿಕೊಂಡಂತಿತ್ತು ಅದು.

ಇದೆಲ್ಲ ದೂರದ ಊರಿನ ಕಥೆ ಎಂದು ನಾವು ಪುಟ ಮಗುಚುವಂತಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ಗೆಲುವಿನ ಸಂಭ್ರಮ ನೋಡಲು ಬಂದ ಅಭಿಮಾನಿಗಳಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅಲ್ಲಿ ಎದುರಾಳಿ ತಂಡವಿರಲಿಲ್ಲ, ಕಲ್ಲು ತೂರಾಟವಿರಲಿಲ್ಲ, ಬರೀ ಸಂತೋಷವಿತ್ತು. ಹಾಗಾದರೆ ಕೊಲ್ಲುವುದು ಅಭಿಮಾನಿಯ ಹುಚ್ಚು ಮಾತ್ರವಲ್ಲ. ಇಕ್ಕಟ್ಟಾದ ದಾರಿ, ಮಿತಿಮೀರಿದ ಜನ, ಬಂದವರನ್ನು ಮನುಷ್ಯರೆಂದು ಲೆಕ್ಕಕ್ಕೆ ಹಿಡಿಯದ ಏರ್ಪಾಡು ಕೂಡಾ ಕೊಲ್ಲುತ್ತದೆ. ಹೊಣೆ ಯಾರದೆಂಬುದನ್ನು ನ್ಯಾಯದ ಕಟ್ಟೆಗಳು ತೀರ್ಮಾನಿಸಲಿ. ಆದರೆ ನೆನಪಿನ ಹೊಣೆ ಯಾವ ಕಟ್ಟೆಯದೂ ಅಲ್ಲ, ಅದು ಜೊತೆಗೆ ಹೋಗಿ ಬದುಕಿ ಬಂದವರದು.

ಕೋಲ್ಕತಾದವರು ತಮ್ಮ ಹದಿನಾರು ಮಂದಿಗೆ ವರ್ಷದಲ್ಲಿ ಒಂದು ದಿನ ಕೊಟ್ಟಿದ್ದಾರೆ, ಒಂದು ಹಾಡು ಕೊಟ್ಟಿದ್ದಾರೆ, ತಮ್ಮ ರಕ್ತವನ್ನು ಕೊಟ್ಟಿದ್ದಾರೆ. ನಾವು ನಮ್ಮ ಹನ್ನೊಂದು ಮಂದಿಗೆ ಏನು ಕೊಟ್ಟಿದ್ದೇವೆ? ಮುಂದಿನ ಜೂನ್ 4ಕ್ಕೆ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳುವುದು ಒಳ್ಳೆಯದು.