ವಿವಾಹಿತ ಸ್ತ್ರೀಯ ಅಡ್ಡಹೆಸರು: ಒಂದು ಐತಿಹಾಸಿಕ ವಿಚಾರ

ಮದುವೆಯಾದ ಹೆಣ್ಣು ಗಂಡನ ಮನೆಯ ಅಡ್ಡಹೆಸರನ್ನು ಧರಿಸುವುದು ನಮ್ಮ ಸನಾತನ ಪದ್ಧತಿಯೆಂದೂ, ತವರಿನ ಹೆಸರನ್ನು ಉಳಿಸಿಕೊಳ್ಳುವುದು ಪಶ್ಚಿಮದಿಂದ ಬಂದ ಹೊಸ ಗೀಳೆಂದೂ ಮುಂಬಯಿಯ ನಮ್ಮ ಕನ್ನಡಿಗರಲ್ಲಿ ಹಲವರು ನಂಬಿದ್ದಾರೆ. ಶಾಸನಗಳನ್ನೂ ದಫ್ತರಗಳನ್ನೂ ಕೊಂಚ ಪರಿಶೀಲಿಸಿದರೆ ಈ ನಂಬಿಕೆ ನಿಲ್ಲಲಾರದು. ನಮ್ಮಲ್ಲಿ ಪ್ರಾಚೀನವಾದುದು ಸ್ತ್ರೀಯ ಸ್ವನಾಮ; ಅಡ್ಡಹೆಸರೂ ಅದರ ಬದಲಾವಣೆಯೂ ಅರ್ವಾಚೀನವಾದುವು.

ಪಟ್ಟದಕಲ್ಲನ್ನೇ ಮೊದಲು ನೋಡೋಣ. ಎಂಟನೆಯ ಶತಮಾನದಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ಕಾಂಚೀವಿಜಯದ ನೆನಪಿಗೆಂದು ಅವನ ರಾಣಿಯರಿಬ್ಬರು ಅಲ್ಲಿ ದೇವಾಲಯಗಳನ್ನು ಕಟ್ಟಿಸಿದರು. ಗೆಲವು ಗಂಡನದು, ಆದರೆ ದೇವರಿಗೆ ಬಂದ ಹೆಸರು ರಾಣಿಯರದು. ಲೋಕಮಹಾದೇವಿಯಿಂದ ಲೋಕೇಶ್ವರ, ತ್ರೈಲೋಕ್ಯಮಹಾದೇವಿಯಿಂದ ತ್ರೈಲೋಕೇಶ್ವರ. ಇವರು ಹೈಹಯ ವಂಶದ ಸೋದರಿಯರೆಂಬುದನ್ನು ಶಾಸನ ಮರೆಯುವುದಿಲ್ಲ. ಲಕ್ಕುಂಡಿಯ ೧೦೦೭ರ ಶಾಸನದ ಅತ್ತಿಮಬ್ಬೆ ಮಲ್ಲಪಯ್ಯನ ಮಗಳು, ನಾಗದೇವನ ಪತ್ನಿ, ಪಡೆವಳ ತೈಲನ ತಾಯಿ. ಈ ಮೂರೂ ಸಂಬಂಧಗಳು ಅವಳ ಹೆಸರಿನ ಸುತ್ತ ನಿಂತಿವೆಯೇ ಹೊರತು ಯಾವುದೂ ಹೆಸರಿನೊಳಗೆ ಹೊಕ್ಕಿಲ್ಲ. ‘ದಾನಚಿಂತಾಮಣಿ’ ಎಂಬ ಬಿರುದಂತೂ ಅವಳ ಸ್ವಂತ ಸಂಪಾದನೆ. ಶ್ರವಣಬೆಳ್ಗೊಳದಲ್ಲಿ ೧೧೨೩ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದ ಶಾಂತಲೆಯ ವಿಷಯದಲ್ಲಿಯೂ ಇದೇ ರೀತಿ: ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಮೇಲೆಯೂ ತಂದೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ ಶಾಸನದಲ್ಲಿ ತಮ್ಮ ಸ್ಥಾನವನ್ನು ಬಿಟ್ಟುಕೊಡಲಿಲ್ಲ.

ಇವರೆಲ್ಲ ಅರಸಿಯರು, ದಂಡನಾಯಕರ ಮನೆಯವರು. ಸಾಮಾನ್ಯ ಸ್ತ್ರೀಯರ ಮಾತೇನೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಹುಡುಕಬೇಕು. ಅಲ್ಲಿ ದೊರೆಯುವ ಚಿತ್ರ ಅಷ್ಟು ಸರಳವಲ್ಲ. ಕದಿರ ರೆಮ್ಮವ್ವೆಗೆ ಹೆಸರಿನ ವಿಶೇಷಣ ಬಂದದ್ದು ಅವಳ ನೂಲಿನ ಕಾಯಕದಿಂದ. ಆಯ್ದಕ್ಕಿ ಲಕ್ಕಮ್ಮನ ‘ಆಯ್ದಕ್ಕಿ’ ಅವಳಿಗೂ ಗಂಡ ಮಾರಯ್ಯನಿಗೂ ಸಮಾನವಾದ ಕಾಯಕದ ಗುರುತು. ಅವನಿಂದ ಅವಳು ಪಡೆದ ಕುಲನಾಮವಲ್ಲ. ಆದರೆ ಅಂಕಿತಗಳನ್ನು ನೋಡಿ. ಮಾರಯ್ಯನದು ‘ಅಮರೇಶ್ವರಲಿಂಗ’, ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಹಡಪದ ಅಪ್ಪಣ್ಣನ ಪತ್ನಿ ಲಿಂಗಮ್ಮನದು ‘ಅಪ್ಪಣ್ಣಪ್ರಿಯ ಚನ್ನಬಸವಣ್ಣ’. ಉರಿಲಿಂಗಪೆದ್ದಿಯ ಪತ್ನಿ ಕಾಳವ್ವೆಯ ಅಂಕಿತದಲ್ಲಿ ಗಂಡನ ಹೆಸರೇ ಮುಂದೆ ನಿಂತಿದೆ. ಇತ್ತ ಅಕ್ಕಮಹಾದೇವಿಯ ‘ಚೆನ್ನಮಲ್ಲಿಕಾರ್ಜುನ’ದಲ್ಲಿಯೂ ಸತ್ಯಕ್ಕನ ‘ಶಂಭುಜಕ್ಕೇಶ್ವರ’ದಲ್ಲಿಯೂ ಯಾವ ಗಂಡಸಿನ ಹೆಸರೂ ಇಲ್ಲ. ಎರಡು ರೀತಿಗಳೂ ಒಂದೇ ಕಾಲದಲ್ಲಿ, ಒಂದೇ ಪಂಥದಲ್ಲಿ ನಡೆದವು. ಆದುದರಿಂದ ಗಂಡನ ಹೆಸರನ್ನು ಸೇರಿಸಿಕೊಂಡವರನ್ನು ದಾಸಿಯರೆಂದು ಹಳಿಯುವ ಇಂದಿನ ಕೆಲವರ ಆವೇಶವನ್ನು ನಾನು ಒಪ್ಪಲಾರೆ. ಗಂಡನ ನಡತೆಯನ್ನೇ ತಿದ್ದಿದ ಲಕ್ಕಮ್ಮನನ್ನು ಯಾರು ದಾಸಿಯೆಂದಾರು?

ಸಪ್ತಪದಿಯಿಂದ ವಧುವಿನ ಗೋತ್ರ ಬದಲಾಗುವುದಲ್ಲವೇ ಎಂದು ಶಾಸ್ತ್ರಜ್ಞರು ಆಕ್ಷೇಪಿಸುತ್ತಾರೆ. ಗೋತ್ರ ಬೇರೆ, ಅಡ್ಡಹೆಸರು ಬೇರೆ. ಒಂದೇ ಅಡ್ಡಹೆಸರಿನ ಎರಡು ಕುಲಕರ್ಣಿ ಮನೆತನಗಳು ಗೋತ್ರ ಭಿನ್ನವಾದರೆ ಬೀಗತನ ಮಾಡುತ್ತವೆ; ಒಂದನ್ನು ಇನ್ನೊಂದಕ್ಕೆ ಪ್ರಮಾಣವಾಗಿ ಹಿಡಿಯುವುದು ಸಲ್ಲದು. ಅಲ್ಲದೆ ಗೋತ್ರದ ಈ ನಿಯಮ ಕನ್ನಡಿಗರೆಲ್ಲರದೂ ಅಲ್ಲ. ಈ ನಗರದಲ್ಲಿ ಬಹುಸಂಖ್ಯೆಯಲ್ಲಿರುವ ಬಂಟರಲ್ಲಿ ‘ಬಳಿ’ ತಾಯಿಯಿಂದ ಬರುತ್ತದೆ. ಮದುವೆಯಿಂದ ಅದು ಬದಲಾಗುವುದಿಲ್ಲ.

ಹಾಗಾದರೆ ಅಡ್ಡಹೆಸರು ಬಂದದ್ದೆಲ್ಲಿಂದ? ಮುಂಬಯಿ ಕರ್ನಾಟಕದ ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ ಇವೆಲ್ಲ ಮೂಲದಲ್ಲಿ ವತನದ ಅಧಿಕಾರಗಳು. ಅಧಿಕಾರ ವಂಶಪಾರಂಪರ್ಯವಾದಂತೆ ಅದರ ಹೆಸರೂ ವಂಶಕ್ಕೆ ಅಂಟಿತು. ಇಂಗ್ಲಿಷರ ಕಚೇರಿಗಳೂ ಶಾಲೆಗಳೂ ಅದನ್ನು ಪ್ರತಿಯೊಬ್ಬನ ಹೆಸರಿನ ಕೊನೆಗೆ ಗಟ್ಟಿಯಾಗಿ ಕಟ್ಟಿದವು. ಮುಂಬಯಿ ಸರಕಾರ ೧೯೫೦ರ ಕಾಯಿದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿತು. ಊರ ಲೆಕ್ಕ ಬರೆಯುವ ಹಕ್ಕು ಹೋಯಿತು. ಆ ಹಕ್ಕಿನ ಹೆಸರು ಮಾತ್ರ ಸೊಸೆಯಿಂದ ಸೊಸೆಗೆ ಇಂದಿಗೂ ಇಳಿದು ಬರುತ್ತಿದೆ. ಹಳೆಯ ಮೈಸೂರಿನಲ್ಲಿ ಈ ಕಟ್ಟು ಇರಲಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಅಲ್ಲಿ ಸಾಕಾದವು.

ಮಹಾರಾಷ್ಟ್ರದಲ್ಲಿ ಅಡ್ಡಹೆಸರಿನೊಡನೆ ಹುಟ್ಟುಹೆಸರನ್ನೂ ಬದಲಿಸುವ ವಾಡಿಕೆ ಪ್ರಬಲವಾಗಿತ್ತು. ೧೮೮೬ರಲ್ಲಿ ಅಮೆರಿಕೆಯಲ್ಲಿ ವೈದ್ಯಪದವಿ ಪಡೆದ ಆನಂದಿಬಾಯಿ ಜೋಶಿ ತವರಿನಲ್ಲಿ ಯಮುನೆ; ರಮಾಬಾಯಿ ರಾನಡೆಯವರೂ ತವರಿನಲ್ಲಿ ಯಮುನೆಯೇ. ಇದರ ಮೇಲೆ ಇಂಗ್ಲಿಷರ ‘ಮಿಸೆಸ್’ ಬಂದು ಕುಳಿತಿತು. ವಿವಾಹದಿಂದ ಪತ್ನಿಯ ಕಾನೂನು ವ್ಯಕ್ತಿತ್ವ ಪತಿಯಲ್ಲಿ ಲೀನವಾಗುವುದೆಂಬ ಆಂಗ್ಲ ನ್ಯಾಯದ ನೆರಳು ಆ ಸಂಬೋಧನೆಯಲ್ಲಿದೆ. ನಮ್ಮ ಸಾಹಿತ್ಯದಲ್ಲಿ ಅದರ ಗುರುತು ಉಳಿದಿದೆ. ೧೯೩೯ರಲ್ಲಿ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಕಥೆಗಾರ್ತಿಯೊಬ್ಬರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಸಹಿ ಹಾಕಿ ಬರೆದರು. ಅವರ ಸ್ವಂತ ಹೆಸರಿನ ಒಂದಕ್ಷರವೂ ಆ ಸಹಿಯಲ್ಲಿಲ್ಲ. ಕನ್ನಡ ಓದುಗರು ಮಾತ್ರ ಅವರನ್ನು ಕೊಡಗಿನ ಗೌರಮ್ಮನೆಂದೇ ಕರೆದು ಉಳಿಸಿಕೊಂಡರು. ಡಾ. ಅನುಪಮಾ ನಿರಂಜನರ ಸಂಗತಿ ಇನ್ನೂ ಸ್ವಾರಸ್ಯವಾದುದು: ವೆಂಕಟಲಕ್ಷ್ಮಿಯೆಂಬ ಹುಟ್ಟುಹೆಸರಿನ ಅವರು ಸೇರಿಸಿಕೊಂಡದ್ದು ಪತಿಯ ವಂಶದ ಹೆಸರನ್ನಲ್ಲ, ಕಾವ್ಯನಾಮವನ್ನು.

ಕಾನೂನಿನ ಮಾತಿಗೆ ಬಂದರೆ, ೧೯೫೫ರ ಹಿಂದೂ ವಿವಾಹ ಕಾಯಿದೆಯಲ್ಲಿ ವಧು ಹೆಸರು ಬದಲಿಸಬೇಕೆಂಬ ಒಂದು ವಿಧಿಯೂ ಇಲ್ಲ. ಮದುವೆಯ ನಂತರ ಪಾಸ್‌ಪೋರ್ಟಿನಲ್ಲಿ ಹೆಸರು ಬದಲಿಸಬೇಕಾಗಿಲ್ಲವೆಂದು ೧೯೧೭ರಲ್ಲಲ್ಲ, ೨೦೧೭ರಲ್ಲಿ ಪ್ರಧಾನಮಂತ್ರಿಗಳು ಸಾರಿ ಹೇಳಬೇಕಾಯಿತೆಂದರೆ ವಾಡಿಕೆ ಹೇಗೆ ಕಾನೂನಿನ ವೇಷ ಹಾಕಿ ಓಡಾಡುತ್ತಿತ್ತೆಂಬುದು ತಿಳಿಯುತ್ತದೆ. ಬ್ಯಾಂಕಿನ ಉದ್ಯೋಗದಲ್ಲಿರುವ ನನಗೆ ಇದರ ವ್ಯಾವಹಾರಿಕ ಮುಖ ದಿನವೂ ಎದುರಾಗುತ್ತದೆ. ಪದವಿಪತ್ರ ಒಂದು ಹೆಸರಿನಲ್ಲಿ, ತಂದೆ ಇಟ್ಟ ಠೇವಣಿ ಅದೇ ಹೆಸರಿನಲ್ಲಿ, ಆಧಾರ್ ಇನ್ನೊಂದರಲ್ಲಿ. ಹೆಸರು ಬದಲಾದುದಕ್ಕೆ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆಯನ್ನು ಒಪ್ಪಬಹುದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶವಿದೆ. ಆದರೆ ನೋಂದಣಿಯ ರೂಢಿಯೇ ಇಲ್ಲದ ಕಾಲದಲ್ಲಿ ಮದುವೆಯಾದ ಎಪ್ಪತ್ತರ ವಿಧವೆ ಆ ಪತ್ರವನ್ನು ಎಲ್ಲಿಂದ ತರಬೇಕು? ತನ್ನ ಹಣಕ್ಕೆ ತಾನೇ ಒಡತಿಯೆಂದು ಅವಳು ಸಾಧಿಸಿ ತೋರಿಸಬೇಕಾಗುತ್ತದೆ. ಅವಳ ಅಣ್ಣನಿಗೆ ಈ ತೊಡಕಿಲ್ಲ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಸ್ತ್ರೀಧನದ ವ್ಯಾಪ್ತಿಯನ್ನು ವಿಸ್ತರಿಸಿ, ದಾಯದಿಂದಲೂ ಕ್ರಯದಿಂದಲೂ ಬಂದುದನ್ನು ಅದರೊಳಗೆ ಸೇರಿಸಿದನು. ಆ ಒಡೆತನಕ್ಕೆ ಅಡ್ಡಹೆಸರಿನ ಆಧಾರ ಬೇಕಾಗಿರಲಿಲ್ಲ.

ತವರಿನ ಹೆಸರೂ ತಂದೆಯೆಂಬ ಗಂಡಸಿನದೇ ಅಲ್ಲವೇ ಎಂಬ ವಾದವೊಂದುಂಟು. ಹೌದು. ಆದರೆ ಮಗನ ಹೆಸರೂ ತಂದೆಯಿಂದಲೇ ಬಂದುದು. ಅದು ಅವನ ಸ್ವಂತದ್ದೆಂದು ನಾವು ಸಂಶಯವಿಲ್ಲದೆ ಒಪ್ಪುತ್ತೇವೆ. ಹುಟ್ಟಿನಿಂದ ಬಂದ ಹೆಸರು ಮಗನಿಗೆ ಸ್ವಂತ, ಮಗಳಿಗೆ ಮಾತ್ರ ಎರವಲು ಎಂಬುದಕ್ಕೆ ಯಾವ ಪ್ರಮಾಣವೂ ನನಗೆ ಕಾಣದು. ಬದಲಿಸುವುದೂ ಬಿಡುವುದೂ ಅವಳ ಇಚ್ಛೆ; ಮದುವೆಯ ಮಾತುಕತೆಯಲ್ಲಿ ಅದನ್ನು ಬೀಗರು ನಿರ್ಣಯಿಸುವುದು ಅನುಚಿತ.

ಮಹಾರಾಷ್ಟ್ರ ಸರಕಾರದ ೨೦೨೪ರ ನಿರ್ಣಯದಂತೆ, ಆ ವರ್ಷದ ಮೇ ೧ರಿಂದ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಬರೆಯುವಾಗ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು ಬರತಕ್ಕದ್ದು. ಮಾಚಿಕಬ್ಬೆಯನ್ನು ಮರೆಯದ ಶಾಸನಕವಿಗೆ ಇದು ಹೊಸತೆನಿಸುತ್ತಿರಲಿಲ್ಲ. ಆದರೆ ಅದೇ ನಿರ್ಣಯದಲ್ಲಿ ವಿವಾಹಿತ ಸ್ತ್ರೀಯ ಮಟ್ಟಿಗೆ ಹಳೆಯ ಕ್ರಮವನ್ನೇ ಮುಂದುವರಿಸಿದ್ದಾರೆ: ಅವಳ ಹೆಸರು, ಗಂಡನ ಹೆಸರು, ಅಡ್ಡಹೆಸರು.