ಪಕ್ಷದ ನೆರಳಿನಲ್ಲಿ ಮಂತ್ರಿಮಂಡಲ

ಪ್ರೌಢಶಾಲೆಯಲ್ಲಿ ಇತಿಹಾಸ ಮತ್ತು ಪೌರನೀತಿ ಕಲಿಸುತ್ತಿದ್ದ ದಿನಗಳಲ್ಲಿ, ರಷ್ಯಾದ ಪಾಠ ಬಂದಾಗಲೆಲ್ಲ ತಪ್ಪದೆ ಎದುರಾಗುತ್ತಿದ್ದ ಪ್ರಶ್ನೆಯೊಂದಿತ್ತು. “ಸರ್, ಕೊಸಿಗಿನ್ ಅವರು ರಷ್ಯಾದ ಪ್ರಧಾನಮಂತ್ರಿ ಅಂದ್ರಿ. ಹಂಗಾದ್ರ ಬ್ರೆಜ್ನೆವ್ ಯಾರ್ರೀ?” ತರಗತಿಯ ಅವಧಿಯೊಳಗೆ ಮುಗಿಯುವ ಉತ್ತರ ಅದಲ್ಲ. ಅಂದು ಹಾಗೆ ಕೇಳಿದವರಲ್ಲಿ ಕೆಲವರು ಈಗ ತಾವೇ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಅವರಿಗೂ, ಇಂಥ ವಿಷಯಗಳಲ್ಲಿ ಆಸಕ್ತಿಯುಳ್ಳ ಬಂಧುಗಳಿಗೂ ಇಂದು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಮ್ಮ ಭಾಗದವರಿಗೆ ಇದು ತೀರ ಅಪರಿಚಿತ ಸಂಗತಿಯೇನಲ್ಲ. 1948ಕ್ಕೆ ಮೊದಲು ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುತ್ತಿದ್ದರು. ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರೆ, ಅದಕ್ಕೆ ಹತ್ತಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿಯಾದರೋ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಸಂಸ್ಥಾನಗಳಲ್ಲಿ ದಿವಾನರಿದ್ದರು, ಕಾರಭಾರಿಗಳಿದ್ದರು, ಕೊನೆಯ ದಿನಗಳಲ್ಲಿ ಮಂತ್ರಿಗಳೂ ಇದ್ದರು. ಅರ್ಜಿಗಳು ಕಚೇರಿಯಲ್ಲಿ ಓಡಾಡುತ್ತಿದ್ದವು. ಕೊನೆಯ ಮಾತು ಮಾತ್ರ ವಾಡೆಯದು. ಜಮಖಂಡಿ ಸಂಸ್ಥಾನ 1948ರ ಮಾರ್ಚ್ ತಿಂಗಳಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ಅದರ ದಿವಾನರಾಗಿದ್ದವರು ಸಾವಳಗಿಯ ಬಿ.ಡಿ. ಜತ್ತಿಯವರು. ಅವರ ಪ್ರಸ್ತಾಪ ಮುಂದೆ ಮತ್ತೆ ಬರಲಿದೆ.

ಸೋವಿಯತ್ ರಷ್ಯಾದಲ್ಲಿಯೂ ಕಚೇರಿ ಒಂದೆಡೆ, ವಾಡೆ ಇನ್ನೊಂದೆಡೆ ಇದ್ದವು. ಆದರೆ ಆರಂಭದಲ್ಲಿ ಹಾಗಿರಲಿಲ್ಲ. 1917ರ ನವೆಂಬರ್‌ನಲ್ಲಿ ಕ್ರಾಂತಿಯ ಮರುದಿನ ರಚನೆಯಾದ ಸರ್ಕಾರಕ್ಕೆ ‘ಜನತಾ ಕಮಿಸಾರರ ಮಂಡಳಿ’ ಎಂದು ಹೆಸರಿಟ್ಟರು. ‘ಮಂತ್ರಿ’ ಎಂಬ ಶಬ್ದದಲ್ಲಿ ಹಳೆಯ ಆಳರಸರ ವಾಸನೆಯಿದೆಯೆಂದು ಅವರಿಗೆ ಅದು ಬೇಡವಾಗಿತ್ತು. ಲೆನಿನ್ ಅಧ್ಯಕ್ಷರು. ಮೊದಮೊದಲು ಸಭೆಗಳು ಹೆಚ್ಚುಕಡಿಮೆ ಪ್ರತಿದಿನ ಸಂಜೆ ಸೇರುತ್ತಿದ್ದವು. ವರದಿ ಮಂಡಿಸುವವರಿಗೆ ಹತ್ತು ನಿಮಿಷ, ಉಳಿದವರಿಗೆ ಅದಕ್ಕೂ ಕಡಿಮೆ. 1917ರ ಡಿಸೆಂಬರಿನಿಂದ 1918ರ ಮಾರ್ಚ್‌ವರೆಗೆ ಎಡಪಂಥೀಯ ಸಮಾಜವಾದಿ ಕ್ರಾಂತಿಕಾರಿಗಳೆಂಬ ಮತ್ತೊಂದು ಪಕ್ಷದವರೂ ಆ ಮಂಡಳಿಯಲ್ಲಿದ್ದರು ಎಂಬುದನ್ನು ಬಹಳ ಜನ ಮರೆತಿದ್ದಾರೆ. ಜರ್ಮನಿಯೊಡನೆ ಮಾಡಿಕೊಂಡ ಬ್ರೆಸ್ಟ್-ಲಿಟೋವ್‌ಸ್ಕ್ ಒಪ್ಪಂದವನ್ನು ವಿರೋಧಿಸಿ ಅವರು ಹೊರನಡೆದರು. ಅಲ್ಲಿಂದ ಏಳು ದಶಕಗಳ ಕಾಲ ಒಂದೇ ಪಕ್ಷ.

1919ರಲ್ಲಿ ಪಕ್ಷವು ಐದು ಪೂರ್ಣ ಸದಸ್ಯರ ಪಾಲಿಟ್‌ಬ್ಯೂರೊ ಎಂಬ ಸಣ್ಣ ಸಮಿತಿಯನ್ನು ರಚಿಸಿತು. ತುರ್ತು ಪ್ರಶ್ನೆಗಳನ್ನು ಬಗೆಹರಿಸಲೆಂದು ಹುಟ್ಟಿದ ಈ ಸಮಿತಿಯ ಬಾಗಿಲಿಗೆ ಮೂರೇ ವರ್ಷಗಳಲ್ಲಿ ಎಲ್ಲ ಪ್ರಶ್ನೆಗಳೂ ಬಂದು ನಿಲ್ಲತೊಡಗಿದವು. 1922ರ ಪಕ್ಷದ ಅಧಿವೇಶನದಲ್ಲಿ ಸ್ವತಃ ಲೆನಿನ್ನರೇ ಇದನ್ನು ಆಕ್ಷೇಪಿಸಿದರು. ಫ್ರೆಂಚ್ ವ್ಯಾಪಾರಿಯೊಬ್ಬನಿಂದ ಡಬ್ಬಿಗಳಲ್ಲಿ ತುಂಬಿದ ಆಹಾರವನ್ನು ಕೊಳ್ಳುವ ಒಂದು ವ್ಯವಹಾರ ಕಮಿಸಾರರ ಹಂತದಲ್ಲಿ ಇತ್ಯರ್ಥವಾಗದೆ ಪಾಲಿಟ್‌ಬ್ಯೂರೊದವರೆಗೆ ಹೋದ ಕಥೆಯನ್ನು ಅವರು ಸಭೆಗೆ ವ್ಯಂಗ್ಯವಾಗಿ ವಿವರಿಸಿದರು. ಸಭೆ ನಕ್ಕಿತು, ಪದ್ಧತಿ ಬದಲಾಗಲಿಲ್ಲ. ಮೇಲಿನವರನ್ನು ಕೇಳಿ ಮಾಡಿದರೆ ತಪ್ಪು ತನ್ನ ಮೇಲೆ ಬರುವುದಿಲ್ಲವೆಂಬ ನೌಕರನ ಬುದ್ಧಿಗೆ ದೇಶ-ಭಾಷೆಗಳ ಭೇದವಿಲ್ಲವಷ್ಟೆ!

ಲೆನಿನ್ ನಂತರ 1924ರಲ್ಲಿ ಅಲೆಕ್ಸಿ ರೈಕೋವ್ ಸರ್ಕಾರದ ಮುಖ್ಯಸ್ಥರಾದರು. ರೈತರಿಂದ ಬಲವಂತವಾಗಿ ಧಾನ್ಯ ಕಸಿಯುವುದು ತರವಲ್ಲವೆಂದು 1928-29ರಲ್ಲಿ ಅವರು ಬುಖಾರಿನ್ ಜೊತೆಗೆ ವಾದಿಸಿದರು. ಅದು ಒಬ್ಬ ಪ್ರಧಾನಮಂತ್ರಿ ಆಡಬೇಕಾದ ಮಾತೇ ಆಗಿತ್ತು. ಆದರೆ ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿದ್ದ ಸ್ಟಾಲಿನ್ನರ ಹಾದಿ ಬೇರೆಯಾಗಿತ್ತು. 1930ರ ಡಿಸೆಂಬರಿನಲ್ಲಿ ರೈಕೋವ್ ಪದಚ್ಯುತರಾದರು. 1938ರ ಮಾರ್ಚ್‌ನಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರ ಸ್ಥಾನಕ್ಕೆ ಬಂದ ಮೊಲೊಟೋವ್ ಸ್ಟಾಲಿನ್ನರ ಮಾತು ಮೀರಿದವರಲ್ಲ. 1941ರ ಮೇ ತಿಂಗಳಲ್ಲಿ ಸ್ಟಾಲಿನ್ನರೇ ಆ ಕುರ್ಚಿಯಲ್ಲಿ ಕುಳಿತರು. 1946ರಲ್ಲಿ ಕಮಿಸಾರರು ಮತ್ತೆ ‘ಮಂತ್ರಿ’ಗಳಾದರು. ಹೆಸರು ತಿರುಗಿ ಬಂತು, ಅಧಿಕಾರ ಬರಲಿಲ್ಲ.

ಹಾಗಾದರೆ ಈ ಮಂತ್ರಿಗಳು ಮಾಡುತ್ತಿದ್ದುದೇನು? ಕೆಲಸವೇನೋ ಬೆಟ್ಟದಷ್ಟಿತ್ತು. ಇಡೀ ದೇಶದ ಕಾರಖಾನೆಗಳೆಲ್ಲ ಸರ್ಕಾರದವೇ ಆದ್ದರಿಂದ ಒಂದೊಂದು ಉದ್ಯಮಕ್ಕೆ ಒಂದೊಂದು ಮಂತ್ರಾಲಯ. ನಮ್ಮ ಬನಹಟ್ಟಿಯ ನೇಕಾರರ ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿ ನೂಲಿನ ದರ ಏರಿದರೆ ನೇಕಾರನು ವ್ಯಾಪಾರಿಯೊಡನೆ ಜಗಳವಾಡುತ್ತಾನೆ, ಸಾಲ ಮಾಡುತ್ತಾನೆ, ಮಗ್ಗ ನಿಲ್ಲಿಸುತ್ತಾನೆ. ಅಲ್ಲಿ ಗಿರಣಿ ಲಘು ಕೈಗಾರಿಕಾ ಮಂತ್ರಾಲಯಕ್ಕೆ ಸೇರಿದ್ದು. ಎಷ್ಟು ಬಟ್ಟೆ ನೇಯಬೇಕೆಂಬುದನ್ನು ಯೋಜನಾ ಸಮಿತಿಯಾದ ಗಾಸ್‌ಪ್ಲಾನ್ ಹೇಳುತ್ತಿತ್ತು. ನೂಲು ಹಂಚುವುದು ಸರಬರಾಜು ಸಮಿತಿಯ ಕೆಲಸ, ಬೆಲೆ ಕಟ್ಟುವುದು ಬೆಲೆ ಸಮಿತಿಯ ಕೆಲಸ. ಇವುಗಳ ಮುಖ್ಯಸ್ಥರೆಲ್ಲ ಮಂತ್ರಿಮಂಡಲದ ಸದಸ್ಯರೇ. ಅವರ ಜೊತೆಗೆ ಹದಿನೈದು ಗಣರಾಜ್ಯಗಳ ಪ್ರಧಾನಿಗಳೂ ಸೇರಿ ಮಂಡಲದ ಸದಸ್ಯರ ಸಂಖ್ಯೆ ನೂರನ್ನು ದಾಟಿತ್ತು. ಇಷ್ಟು ಜನ ಕೂಡಿ ಚರ್ಚಿಸುವುದೆಂತು? 1978ರ ಕಾನೂನಿನಂತೆ ಪೂರ್ಣ ಸಭೆ ಮೂರು ತಿಂಗಳಿಗೊಮ್ಮೆ ಸೇರಿದರೆ ಸಾಕಾಗಿತ್ತು.

ಆದರೆ ಪಾಲಿಟ್‌ಬ್ಯೂರೊ ಪ್ರತಿ ಗುರುವಾರ ಸೇರುತ್ತಿತ್ತು. ಪಕ್ಷದ ಕೇಂದ್ರ ಸಮಿತಿಯ ಕಚೇರಿಯಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ವಿಭಾಗವಿದ್ದು, ಮಂತ್ರಿಯ ಕಡತವನ್ನು ಅಲ್ಲಿನವರು ಮೊದಲು ನೋಡುತ್ತಿದ್ದರು. ಮಂತ್ರಿಯನ್ನು ನೇಮಿಸುವುದು ಕಾಗದದ ಮೇಲೆ ಸುಪ್ರೀಂ ಸೋವಿಯತ್ ಎಂಬ ಸಂಸತ್ತು. ನಿಜವಾಗಿ ಹೆಸರನ್ನು ಆರಿಸುತ್ತಿದ್ದುದು ಪಕ್ಷ. ಸಂಸತ್ತಿನಲ್ಲಿ ಎಲ್ಲರ ಕೈಗಳೂ ಒಮ್ಮೆಗೇ ಮೇಲೇಳುತ್ತಿದ್ದವು. ಪ್ರಧಾನಮಂತ್ರಿಯ ಮಾತಿಗೆ ಬೆಲೆಯಿದ್ದರೆ ಅದು ಅವರು ಪಾಲಿಟ್‌ಬ್ಯೂರೊದಲ್ಲಿಯೂ ಇದ್ದುದರಿಂದ. ಮಹತ್ವದ ಆದೇಶಗಳನ್ನು ‘ಕೇಂದ್ರ ಸಮಿತಿ ಮತ್ತು ಮಂತ್ರಿಮಂಡಲ’ದ ಜಂಟಿ ಹೆಸರಿನಲ್ಲಿ ಹೊರಡಿಸುತ್ತಿದ್ದರು. ಆ ಹೆಸರುಗಳ ಅನುಕ್ರಮವನ್ನು ಗಮನಿಸಬೇಕು.

ಜಂಟಿ ಹೆಸರಿನಿಂದ ಆಗುವ ತೊಂದರೆ ಏನೆಂಬುದು 1962ರಲ್ಲಿ ಗೊತ್ತಾಯಿತು. ಆ ವರ್ಷದ ಜೂನ್ 1ರಂದು ಮಾಂಸ ಮತ್ತು ಬೆಣ್ಣೆಯ ಬೆಲೆಯನ್ನು ಶೇಕಡಾ 25ರಿಂದ 30ರಷ್ಟು ಏರಿಸಿರುವುದಾಗಿ ಪ್ರಕಟವಾಯಿತು. ನೊವೊಚೆರ್ಕಾಸ್ಕ್ ಎಂಬ ಊರಿನ ರೈಲ್ವೆ ಎಂಜಿನ್ ಕಾರಖಾನೆಯ ಕೆಲಸಗಾರರು ಮುಷ್ಕರ ಹೂಡಿದರು. ಮರುದಿನ ಸೇನೆ ಗುಂಡು ಹಾರಿಸಿತು. ಸತ್ತವರು 26 ಜನ; ಅನಂತರ ಏಳು ಜನರಿಗೆ ಮರಣದಂಡನೆ. ನಮ್ಮ ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರನಿಗೆ ಕಬ್ಬಿನ ದರವನ್ನು ದೆಹಲಿಯ ಯಾವ ಸಂಪುಟ ಸಮಿತಿ ನಿಗದಿ ಮಾಡುತ್ತದೆಂಬುದು ಗೊತ್ತು. ದರ ಸಾಲದಾದರೆ ಆತ ಟ್ರ್ಯಾಕ್ಟರ್ ನಿಲ್ಲಿಸಿ ರಸ್ತೆಯಲ್ಲಿ ಕೂರುತ್ತಾನೆ, ಬೈಯುತ್ತಾನೆ, ಮುಂದಿನ ಚುನಾವಣೆಯಲ್ಲಿ ನೆನಪಿಡುತ್ತಾನೆ. ಆ ಎಂಜಿನ್ ಕಾರಖಾನೆಯವನು ಯಾರನ್ನು ಬೈಯಬೇಕಿತ್ತು? ಮಂತ್ರಿಯನ್ನೆ, ಪಕ್ಷವನ್ನೆ? ಎರಡೂ ಒಬ್ಬರ ಕೈಯಲ್ಲೇ ಇದ್ದವು. ಕ್ರುಶ್ಚೇವ್ ಆಗ ಪಕ್ಷದ ಮೊದಲ ಕಾರ್ಯದರ್ಶಿಯೂ ಹೌದು, ಪ್ರಧಾನಮಂತ್ರಿಯೂ ಹೌದು. ಈ ಸುದ್ದಿ ಸೋವಿಯತ್ ಪತ್ರಿಕೆಗಳಲ್ಲಿ ಬರಲು ಎರಡೂವರೆ ದಶಕಗಳೇ ಬೇಕಾದವು.

1964ರಲ್ಲಿ ಕ್ರುಶ್ಚೇವರನ್ನು ಇಳಿಸಿದ ಮೇಲೆ, ಇನ್ನು ಮುಂದೆ ಎರಡು ಹುದ್ದೆಗಳನ್ನು ಒಬ್ಬರಿಗೇ ಕೊಡಬಾರದೆಂದು ನಿರ್ಣಯಿಸಿ, ಪಕ್ಷವನ್ನು ಬ್ರೆಜ್ನೆವ್‌ರಿಗೂ ಸರ್ಕಾರವನ್ನು ಕೊಸಿಗಿನ್‌ರಿಗೂ ವಹಿಸಿದರು. ಕೊಸಿಗಿನ್ ನಮ್ಮ ತಲೆಮಾರಿಗೆ ಸುಪರಿಚಿತರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಶಾಸ್ತ್ರೀಜಿ ಮತ್ತು ಆಯೂಬ್ ಖಾನರನ್ನು ಕೂಡಿಸಿ ಒಪ್ಪಂದ ಮಾಡಿಸಿದವರು ಅವರೇ. ಆದರೆ ನನ್ನ ವಿದ್ಯಾರ್ಥಿಗಳ ಪ್ರಶ್ನೆಗೆ ನಿಜವಾದ ಉತ್ತರ ದೊರೆತದ್ದು 1979ರಲ್ಲಿ.

ಆ ವರ್ಷದ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ನಾಯಕ ತರಾಕಿ ದೂರವಾಣಿಯಲ್ಲಿ ಕೊಸಿಗಿನ್‌ರನ್ನು ಸಂಪರ್ಕಿಸಿ, ಸೋವಿಯತ್ ಸೈನಿಕರಿಗೆ ಅಫ್ಘನ್ ಸಮವಸ್ತ್ರ ತೊಡಿಸಿಯಾದರೂ ಕಳುಹಿಸಿಕೊಡಿ ಎಂದು ಬೇಡಿಕೊಂಡರು. ಕೊಸಿಗಿನ್ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಮಾಸ್ಕೋಗೆ ಬಂದ ತರಾಕಿಯವರಿಗೆ ಸೇನೆ ಕಳುಹಿಸುವುದು ಏಕೆ ಸಲ್ಲದೆಂದು ಎದುರಿಗೇ ವಿವರಿಸಿದರು. ಡಿಸೆಂಬರ್ 12ರಂದು ಪಾಲಿಟ್‌ಬ್ಯೂರೊ ಬೇರೆಯೇ ನಿರ್ಣಯ ಕೈಗೊಂಡಿತು. ದೇಶದ ಹೆಸರನ್ನೂ ಪೂರ್ತಿ ಬರೆಯದೆ ‘ಅ’ ಎಂಬ ಒಂದೇ ಅಕ್ಷರದಿಂದ ಸೂಚಿಸಿದ ಆ ಕಾಗದವನ್ನು ಚೆರ್ನೆಂಕೊ ಕೈಯಿಂದಲೇ ಬರೆದರು. ಉಳಿದವರು ಸಹಿ ಮಾಡಿದರು. ಕೊಸಿಗಿನ್ ಆ ದಿನ ಸಭೆಯಲ್ಲಿರಲಿಲ್ಲ; ಅವರ ಸಹಿ ಅದರ ಮೇಲಿಲ್ಲ. ಪ್ರಧಾನಮಂತ್ರಿಯ ಸಹಿಯಿಲ್ಲದೆ ದೇಶ ಯುದ್ಧಕ್ಕೆ ಹೋಯಿತು, ಅದರಿಂದ ಯಾವ ತಾಂತ್ರಿಕ ತೊಡಕೂ ಉಂಟಾಗಲಿಲ್ಲ. 1989ರ ಫೆಬ್ರವರಿಯವರೆಗೆ ನಡೆದ ಆ ಯುದ್ಧದಲ್ಲಿ ಸುಮಾರು 15 ಸಾವಿರ ಸೋವಿಯತ್ ಸೈನಿಕರೂ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚು ಅಫ್ಘನ್ನರೂ ಮಡಿದರು.

ಗೊರ್ಬಚೇವರ ಕಾಲದಲ್ಲಿ ಗಾಳಿ ಬದಲಾಯಿತು. ಪಕ್ಷವೇ ಸಮಾಜದ ಮಾರ್ಗದರ್ಶಕ ಶಕ್ತಿಯೆಂದು ಸಾರುತ್ತಿದ್ದ ಸಂವಿಧಾನದ 6ನೆಯ ವಿಧಿಯನ್ನು 1990ರ ಮಾರ್ಚ್‌ನಲ್ಲಿ ತಿದ್ದಲಾಯಿತು. ಅದಕ್ಕೂ ಕೆಲವು ತಿಂಗಳು ಮೊದಲೇ, ಪಕ್ಷದ ಸದಸ್ಯರಲ್ಲದ ನಿಕೊಲಾಯ್ ವೊರೊಂತ್ಸೋವ್ ಎಂಬ ಜೀವವಿಜ್ಞಾನಿ ಪರಿಸರ ಖಾತೆಯ ಹೊಣೆ ಹೊತ್ತು ಮಂತ್ರಿಮಂಡಲಕ್ಕೆ ಬಂದಿದ್ದರು. 1991ರ ಆಗಸ್ಟ್ 19ರಂದು ಗೊರ್ಬಚೇವರ ವಿರುದ್ಧ ಕ್ಷಿಪ್ರಕ್ರಾಂತಿ ನಡೆದಾಗ ಪ್ರಧಾನಿ ಪಾವ್ಲೋವ್ ಅಂದು ಸಂಜೆ ಮಂತ್ರಿಗಳ ಸಭೆ ಕರೆದರು. ಹೆಚ್ಚಿನವರು ತಲೆದೂಗಿದರು, ಇಲ್ಲವೆ ಜಾರಿಕೊಳ್ಳುವ ಮಾತಾಡಿದರು. ವೊರೊಂತ್ಸೋವ್ ವಿರೋಧಿಸಿದರು, ಅಷ್ಟೇ ಅಲ್ಲ, ಯಾರು ಏನೆಂದರೆಂಬುದನ್ನು ಕುಳಿತಲ್ಲೇ ಬರೆದುಕೊಂಡರು. ಆ ಸಭೆಯಲ್ಲಿ ಯಾರು ಯಾವ ಕಡೆ ಇದ್ದರೆಂದು ಲೋಕಕ್ಕೆ ತಿಳಿಯುವಲ್ಲಿ ಆ ಟಿಪ್ಪಣಿಗಳ ಪಾಲು ದೊಡ್ಡದು.

ಭಾರತದಲ್ಲಿಯೂ ಕಮ್ಯುನಿಸ್ಟರು ಮಂತ್ರಿಮಂಡಲ ನಡೆಸಿದ್ದಾರೆ, ಆದರೆ ಏಕಪಕ್ಷದ ಆಳ್ವಿಕೆಯಲ್ಲಿ ಅಲ್ಲ. 1957ರ ಏಪ್ರಿಲ್ 5ರಂದು ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಹನ್ನೊಂದು ಜನರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅದರಲ್ಲಿ ಪಕ್ಷೇತರರಾದ ವಿ.ಆರ್. ಕೃಷ್ಣ ಅಯ್ಯರ್ ಕಾನೂನು ಮಂತ್ರಿ. ಸರ್ಕಾರ ನಡೆಸುವುದು ಮಂತ್ರಿಗಳೋ ಪಕ್ಷದ ಘಟಕಗಳೋ ಎಂದು ಅಲ್ಲಿಯೂ ವಿರೋಧಿಗಳು ‘ಸೆಲ್ ಆಡಳಿತ’ವೆಂದು ಕೂಗೆಬ್ಬಿಸಿದರು. ಹಾಗೆ ಕೂಗಲು ಅವರಿಗೆ ಸಭಾಗೃಹವಿತ್ತು, ಪತ್ರಿಕೆಗಳಿದ್ದವು. ಕರ್ನಾಟಕಕ್ಕೆ ಸೇರಬೇಕೆಂಬ ಕಾಸರಗೋಡಿನ ಕನ್ನಡಿಗರ ಬೇಡಿಕೆ ಹೊತ್ತ ಎಂ. ಉಮೇಶ ರಾವ್ ಪಕ್ಷೇತರರಾಗಿ ಮಂಜೇಶ್ವರದಿಂದ ಅವಿರೋಧವಾಗಿ ಆರಿಸಿ ಬಂದು ಅದೇ ಸಭೆಯಲ್ಲಿ ಕುಳಿತಿದ್ದರು. 1959ರ ಜುಲೈ 31ರಂದು ಕೇಂದ್ರವು ಆ ಸರ್ಕಾರವನ್ನು ವಜಾ ಮಾಡಿದ್ದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ. 1996ರಲ್ಲಿ ಜ್ಯೋತಿ ಬಸು ಪ್ರಧಾನಿಯಾಗಲೆಂದು ಸಂಯುಕ್ತ ರಂಗ ಕೇಳಿಕೊಂಡಾಗ ಅವರ ಪಕ್ಷದ ಕೇಂದ್ರ ಸಮಿತಿ ಬೇಡವೆಂದಿತು. ಜೂನ್ 1ರಂದು ನಮ್ಮ ದೇವೇಗೌಡರು ಪ್ರಮಾಣವಚನ ಸ್ವೀಕರಿಸಿದರು.

ಕೊನೆಗೆ ನಮ್ಮ ಜತ್ತಿಯವರ ಮಾತು. ರಾಜನ ಕೆಳಗೆ ದಿವಾನರಾಗಿ, 1958ರಿಂದ 1962ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿ ಅವರು ಮಂತ್ರಿಮಂಡಲವನ್ನು ಮೂರು ಕಡೆಗಳಿಂದ ಕಂಡವರು. 1977ರ ಏಪ್ರಿಲ್ ಕೊನೆಯಲ್ಲಿ ಮೊರಾರ್ಜಿ ದೇಸಾಯಿಯವರ ಸಂಪುಟ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ನೀಡಿತು. ರಾಜ್ಯಗಳ ದಾವೆಯನ್ನು ಸುಪ್ರೀಂ ಕೋರ್ಟು 29ರಂದು ವಜಾ ಮಾಡಿತ್ತು. ಆದರೂ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವಾಯಿತು, ರಾಷ್ಟ್ರಪತಿಗೆ ಆ ಅಧಿಕಾರವಿದೆಯೇ ಎಂದು ಬಹಿರಂಗವಾಗಿಯೇ ಚರ್ಚೆ ನಡೆಯಿತು. 1976ರ 42ನೆಯ ತಿದ್ದುಪಡಿಯು ಸಂಪುಟದ ಸಲಹೆಯಂತೆಯೇ ನಡೆಯಬೇಕೆಂದು ರಾಷ್ಟ್ರಪತಿಯನ್ನು ಕಟ್ಟಿಹಾಕಿತ್ತು. ಸಂಪುಟ ಪಟ್ಟು ಬಿಡಲಿಲ್ಲ. 30ರಂದು ಅವರು ಸಹಿ ಹಾಕಿದರು. ಮರುವರ್ಷ, 1978ರ 44ನೆಯ ತಿದ್ದುಪಡಿಯಲ್ಲಿ, ಸಂಪುಟದ ಸಲಹೆಯನ್ನು ಮರುಪರಿಶೀಲನೆಗಾಗಿ ಒಮ್ಮೆ ಹಿಂದಕ್ಕೆ ಕಳುಹಿಸುವ ಅವಕಾಶವನ್ನು ರಾಷ್ಟ್ರಪತಿಗೆ ಕೊಡಲಾಯಿತು.