‘ಪಾಳು’ ಎಂಬ ಮಾತಿನ ಚರಿತ್ರೆ

ದಫ್ತರದ ಒಂದು ಶಬ್ದ ಊರಿನ ಹುಲ್ಲುಗಾವಲನ್ನೇ ಕಸಿದುಕೊಳ್ಳಬಲ್ಲದು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಭಾಷೆ ಕಲಿಸುವ ವೃತ್ತಿಯವನಾದ ನನಗೆ ಅರಣ್ಯಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೆ ಇಲ್ಲಿ ಮೊದಲು ಕೆಟ್ಟದ್ದು ಮಾತು, ಆಮೇಲೆ ನೆಲ ಎಂದು ನನಗೆ ತೋರುತ್ತದೆ.

ನೆಲದ ವಿಷಯದಲ್ಲಿ ಕನ್ನಡವು ಬಡ ಭಾಷೆಯಲ್ಲ. ಊರ ದನ ಮೇಯುವ ನೆಲ ಮೈಸೂರು ಸೀಮೆಯಲ್ಲಿ ಗೋಮಾಳ, ಧಾರವಾಡದ ಕಡೆ ಗಾಯರಾಣ. ಅಡಕೆಯ ತೋಟಕ್ಕೆ ಸೊಪ್ಪು ಕೊಡುವುದು ಮಲೆನಾಡಿನ ಸೊಪ್ಪಿನ ಬೆಟ್ಟ. ಕೊಡಗಿನಲ್ಲಿ ಗದ್ದೆಗೆ ಸೇರಿಬಂದ ಕಾಡುನೆಲ ಬಾಣೆ. ಇವುಗಳಲ್ಲಿ ಒಂದೊಂದು ಹೆಸರೂ ಆ ನೆಲ ಯಾತಕ್ಕೆ ಒದಗುತ್ತದೆಂಬುದನ್ನು ಬಲ್ಲದು. ಆಂಗ್ಲರ ಕಂದಾಯ ದಫ್ತರ ಕೇಳಿದ್ದಾದರೋ ಒಂದೇ ಪ್ರಶ್ನೆ: ಇದರಿಂದ ಕಂದಾಯ ಹುಟ್ಟುತ್ತದೆಯೆ? ಹುಟ್ಟದಿದ್ದರೆ ಅದು ‘ವೇಸ್ಟ್’, ಅಂದರೆ ಪಾಳು. ಬೊಕ್ಕಸಕ್ಕೆ ಬರದ್ದು ಯಾರಿಗೂ ಬಾರದ್ದೆಂಬ ಅರ್ಥ ಹೀಗೆ ಬೇರೂರಿತು.

ಆಂಗ್ಲರು ಹೋದರು, ಶಬ್ದ ಉಳಿಯಿತು. 1976ರಲ್ಲಿ ರಾಷ್ಟ್ರೀಯ ಕೃಷಿ ಆಯೋಗವು ‘ಸಾಮಾಜಿಕ ಅರಣ್ಯ’ವನ್ನು ಶಿಫಾರಸು ಮಾಡಿತು, ಹಳ್ಳಿಗರಿಗೆ ಸೌದೆ, ಮೇವು ಒದಗಲೆಂಬುದು ಅದರ ಆಶಯ. 1985ರಲ್ಲಿ ಪಾಳುಭೂಮಿ ಅಭಿವೃದ್ಧಿಗೆಂದೇ ಒಂದು ರಾಷ್ಟ್ರೀಯ ಮಂಡಳಿ ಹುಟ್ಟಿತು. ವರ್ಷಕ್ಕೆ 50 ಲಕ್ಷ ಹೆಕ್ಟೇರಿನಲ್ಲಿ ಗಿಡ ನೆಡುವ ಗುರಿ. ‘ಪಾಳು’, ‘ಅಭಿವೃದ್ಧಿ’, ‘ಹಸಿರು’: ಇವುಗಳಲ್ಲಿ ಯಾವುದನ್ನು ತಾನೆ ಬೇಡವೆನ್ನಬಹುದು? ಅಸ್ಪಷ್ಟವಾದ ಮಾತಿನ ಬಲವೇ ಇದು. ಯಾವ ಗಿಡ, ಯಾರಿಗಾಗಿ ಎಂಬ ಪ್ರಶ್ನೆ ಅದರ ನೆರಳಿನಲ್ಲಿ ಅಡಗಿಬಿಡುತ್ತದೆ.

1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ‘ಕರ್ನಾಟಕ ಪಲ್ಪ್‌ವುಡ್ಸ್’ ಎಂಬ ಕಂಪನಿಯನ್ನು ಕಟ್ಟಿದವು. ‘ಸಿ’ ಮತ್ತು ‘ಡಿ’ ದರ್ಜೆಯ ಸುಮಾರು 30,000 ಹೆಕ್ಟೇರ್ ಜಮೀನಿನಲ್ಲಿ ಕಾರ್ಖಾನೆಯ ತಿರುಳಿಗಾಗಿ ನೀಲಗಿರಿ ಬೆಳೆಸುವುದು ಉದ್ದೇಶ. ಕಡತದಲ್ಲಿ ಅದು ಕೆಳದರ್ಜೆಯ ನೆಲ. ಊರವರಿಗೆ ದನದ ಮೇವು, ಒಲೆಯ ಪುಳ್ಳೆ. ನೀಲಗಿರಿಯ ಎಲೆಯನ್ನು ದನ ಮೂಸಿಯೂ ನೋಡದು.

1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಆ ಸತ್ಯಾಗ್ರಹದ ಹೆಸರು ‘ಕಿತ್ತಿಕೋ–ಹಚ್ಚಿಕೋ’. ಹಚ್ಚುವುದೆಂದರೆ ಆ ಸೀಮೆಯಲ್ಲಿ ನೆಡುವುದು. ಸರ್ಕಾರದ ಪತ್ರಗಳಲ್ಲೆಲ್ಲ ದೊಡ್ಡ ದೊಡ್ಡ ನಾಮಪದಗಳು. ಇಲ್ಲಿ ಎರಡೇ ಕ್ರಿಯಾಪದಗಳು, ಎರಡಕ್ಕೂ ಕೈಕೆಲಸದ ಅರ್ಥ. ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದ ಈ ಹೋರಾಟದಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಕಂಪನಿ ಹೋಯಿತೆಂದು ಶಬ್ದ ಹೋಗಲಿಲ್ಲ. ಅದೇ ಸೀಮೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿತವಾದ ಕೃಷ್ಣಮೃಗ ಅಭಯಾರಣ್ಯವಿದೆ. ಅಲ್ಲಿನ ಹುಲ್ಲುಬಯಲಿನ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ತೆರೆದ ಬಯಲನ್ನೇ ನೆಚ್ಚಿ ಬದುಕುವ ಎರೆಭೂತ ಹಕ್ಕಿ ಅಲ್ಲಿಂದ ಕಣ್ಮರೆಯಾಗಿದೆ. ಮರವಿಲ್ಲದ ನೆಲವೆಲ್ಲ ಬರಿದು ಎಂದುಕೊಂಡವರಿಗೆ ಆ ಹಕ್ಕಿಯ ಮನೆ ಕಾಣುವುದೆಂತು? ಇಂದಿಗೂ ದೇಶದ ಪಾಳುಭೂಮಿಯ ನಕಾಶೆಗಳಲ್ಲಿ ಕುರುಚಲು ನೆಲಕ್ಕೆ ಸ್ಥಾನವಿದೆ.

ಯೋಜನೆಯೊಂದು ಮುಂದೆ ಬಂದಾಗ ನಾವು ಮೊದಲು ಕೇಳಬೇಕಾದದ್ದು ಹಣದ ಲೆಕ್ಕವಲ್ಲ. ಆ ನೆಲಕ್ಕೆ ಊರವರು ಇಟ್ಟ ಹೆಸರೇನು ಎಂಬುದು. ಹೆಸರಿದ್ದ ನೆಲ ಪಾಳಾಗಿರಲಾರದು.